ಗಾಳಿ ನೋಡಿ ರಜೆ ಗೊತ್ತುಮಾಡಿ: ಸೆಶೆಲ್ಸ್ ಹಾಯಿದೋಣಿ ಪ್ರವಾಸದ ಲೆಕ್ಕ

ಸಂಪಾದಕರಿಗೆ,

ಮಾನ್ಯರೇ,

ಪ್ರವಾಸ ಪುರವಣಿಗಳಲ್ಲಿ ಈಗ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳ ಯಾಟ್ ಪ್ರವಾಸದ ಬರಹಗಳೂ ಜಾಹೀರಾತುಗಳೂ ಕಾಣಿಸುತ್ತಿವೆ. ನೀಲಿ ನೀರು, ಬಿಳಿ ಹಾಯಿ, ‘ಏಳು ರಾತ್ರಿ, ಎಂಟು ಹಗಲು’ ಎಂಬ ಸಾಲು, ಅದರ ಕೆಳಗೊಂದು ದರ. ಯಾವ ತಿಂಗಳಲ್ಲಿ ಯಾವ ದಿಕ್ಕಿನ ಗಾಳಿ ಎಂಬ ಮಾತು ಮಾತ್ರ ಇರುವುದಿಲ್ಲ. ಹೋಟೆಲಿನಲ್ಲಿ ಉಳಿಯುವವರಿಗೆ ಅದು ಗೊತ್ತಿಲ್ಲದಿದ್ದರೂ ನಡೆದೀತು. ದೋಣಿಯಲ್ಲಿ ವಾರ ಕಳೆಯುವವರಿಗೆ ಎಲ್ಲಿ ಲಂಗರು ಹಾಕಬೇಕು, ಯಾವ ದ್ವೀಪಕ್ಕೆ ಇಳಿಯಬಹುದು, ರಾತ್ರಿ ನಿದ್ದೆ ಹತ್ತುತ್ತದೋ ಇಲ್ಲವೋ ಎಲ್ಲವನ್ನೂ ತೀರ್ಮಾನಿಸುವುದು ಗಾಳಿ. ವರ್ಷಗಟ್ಟಲೆ ದುಡ್ಡು ಕೂಡಿಸಿ ಹೊರಡುವ ಕುಟುಂಬಗಳು ಇಷ್ಟು ತಿಳಿಯದೆ ನಿರಾಶೆಗೊಳ್ಳಬಾರದು ಎಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇವೆ. ಇಂಥ ಬರಹಗಳ ಪಕ್ಕದಲ್ಲಿ ಗಾಳಿಯ ತಿಂಗಳುಗಳನ್ನು ಒಂದು ಸಣ್ಣ ಚೌಕದಲ್ಲಾದರೂ ಅಚ್ಚು ಹಾಕಬೇಕೆಂದು ಕೋರುತ್ತೇವೆ.

ಸೆಶೆಲ್ಸ್‌ನ ಮುಖ್ಯ ದ್ವೀಪಗಳಾದ ಮಾಹೆ, ಪ್ರಾಲಿನ್, ಲಾ ದಿಗ್ ಭೂಮಧ್ಯರೇಖೆಯಿಂದ ನಾಲ್ಕು ಡಿಗ್ರಿ ಚಿಲ್ಲರೆ ದಕ್ಷಿಣಕ್ಕಿವೆ. ಚಂಡಮಾರುತಗಳ ಪಟ್ಟಿ ಅಲ್ಲಿಂದ ಇನ್ನೂ ಕೆಳಗೆ. ಹಾಗಾಗಿ ಆ ಭಯ ಇಲ್ಲಿ ತೀರಾ ಕಡಿಮೆ. ಆದರೆ ವರ್ಷವನ್ನು ಎರಡು ಗಾಳಿಗಳು ಹಂಚಿಕೊಂಡಿವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ. ಇದೇ ಗಾಳಿ ಭೂಮಧ್ಯರೇಖೆ ದಾಟಿ, ಆಫ್ರಿಕಾದ ಕರಾವಳಿಯ ಪಕ್ಕ ತಿರುಗಿ, ನೈಋತ್ಯದಿಂದ ನಮ್ಮಲ್ಲಿಗೆ ಮುಂಗಾರಾಗಿ ಬರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲಿರುತ್ತವಲ್ಲ, ಆ ಹೊತ್ತಿನಲ್ಲಿ ಅಲ್ಲಿಯೂ ಕಡಲು ಒರಟು. ಮಳೆ ಕಡಿಮೆ, ಬಿಸಿಲು ಚೆನ್ನ. ಆದರೆ ಜುಲೈ, ಆಗಸ್ಟ್‌ಗಳಲ್ಲಿ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಆಸುಪಾಸಿನ ಗಾಳಿ ದಿನಗಟ್ಟಲೆ ಬಿಡದೆ ಬೀಸುತ್ತದೆ, ದ್ವೀಪಗಳ ಮರೆ ತಪ್ಪಿದ ಕಡೆ ಅಲೆ ಎರಡು ಮೀಟರ್ ದಾಟುವುದು ಮಾಮೂಲು. ಫೋಟೊದಲ್ಲಿ ಬಿಸಿಲು ಕಾಣುತ್ತದೆ, ಅಲೆ ಕಾಣುವುದಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದ ಗಾಳಿ. ಬಲ ಕಡಿಮೆ, ಸೆಕೆ ಹೆಚ್ಚು, ಮಳೆ ಧಾರಾಳ. ಜನವರಿ ಅಲ್ಲಿ ಅತಿ ಹೆಚ್ಚು ಮಳೆಯ ತಿಂಗಳು. ನಡುನಡುವೆ ಕಪ್ಪು ಮೋಡದೊಂದಿಗೆ ಬರುವ ಬಿರುಗಾಳಿ ಅರ್ಧ ಗಂಟೆಯಲ್ಲಿ ಬಂದು ಹೋಗುತ್ತದೆ, ಹೋಗುವಾಗ ಸರಿಯಾಗಿ ಕೂರದ ಲಂಗರನ್ನು ಕಿತ್ತುಕೊಂಡೇ ಹೋಗುತ್ತದೆ. ಕ್ರಿಸ್‌ಮಸ್, ಹೊಸ ವರ್ಷದ ರಜೆಗೆ ದರ ಅತಿ ಹೆಚ್ಚು, ಹವೆ ಮಾತ್ರ ಅಷ್ಟಕ್ಕಷ್ಟೆ.

ಈ ಎರಡು ಗಾಳಿಗಳು ಕೈ ಬದಲಿಸುವ ಏಪ್ರಿಲ್ ಮತ್ತು ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಕಡಲು ತಟ್ಟೆಯಂತಿರುತ್ತದೆ, ನೀರಿನೊಳಗೆ ದೃಷ್ಟಿ ದೂರ ಹೋಗುತ್ತದೆ. ನಮ್ಮ ಮಕ್ಕಳ ಬೇಸಿಗೆ ರಜೆ ಮತ್ತು ದಸರಾ ರಜೆ ಸರಿಸುಮಾರು ಇದೇ ತಿಂಗಳುಗಳಲ್ಲಿ ಬೀಳುತ್ತವೆ ಎಂಬುದು ಕನ್ನಡದ ಕುಟುಂಬಗಳಿಗೆ ತಾನಾಗಿ ಒದಗಿದ ಅನುಕೂಲ. ಈಜು ಬಾರದವರು, ಚಿಕ್ಕ ಮಕ್ಕಳು, ಮೊದಲ ಸಲ ದೋಣಿ ಹತ್ತುವವರು ಇರುವ ತಂಡಕ್ಕೆ ಏಪ್ರಿಲ್ ಅಥವಾ ಅಕ್ಟೋಬರ್ ಬಿಟ್ಟು ಬೇರೆ ತಿಂಗಳನ್ನು ನಾವು ಹೇಳುವುದಿಲ್ಲ. ಆದರೆ ಆಗ ಗಾಳಿ ಐದೆಂಟು ನಾಟ್ ಮಾತ್ರ. ಹಾಯಿ ಜೋತುಬಿದ್ದು ಬಹುಪಾಲು ದಾರಿ ಎಂಜಿನ್ನಿನಲ್ಲೇ ಸಾಗುತ್ತದೆ. ಹಾಯಿ ಬಿಚ್ಚಿ ಓಡಿಸುವ ಸುಖಕ್ಕೆಂದೇ ಹೋಗುವವರು ಮೇ ಕೊನೆ ಅಥವಾ ಸೆಪ್ಟೆಂಬರ್ ನೋಡಲಿ.

ಗಾಳಿಯ ದಿಕ್ಕು ಗೊತ್ತಾದ ಮೇಲೆ ಕೊಲ್ಲಿಗಳ ಆಯ್ಕೆ ಸುಲಭ: ಗಾಳಿಗೆ ಬೆನ್ನು ಹಾಕಿದ ದಡಕ್ಕೆ ಹೋಗಬೇಕು. ಪ್ರಾಲಿನ್ ದ್ವೀಪದ ವಾಯವ್ಯ ಮೂಲೆಯ ಆನ್ಸ್ ಲಾಜಿಯೊ ಎಲ್ಲ ಜಾಹೀರಾತುಗಳಲ್ಲೂ ಇರುವ ಕಡಲತೀರ. ‘ಆನ್ಸ್’ ಎಂದರೆ ಸಣ್ಣ ಕೊಲ್ಲಿ. ಆಗ್ನೇಯ ಗಾಳಿಯ ಕಾಲದಲ್ಲಿ ಅಲ್ಲಿ ರಾತ್ರಿ ಉಳಿಯಲು ಅಡ್ಡಿಯಿಲ್ಲ. ಜನವರಿಯಲ್ಲಿ ಅದೇ ಕೊಲ್ಲಿ ಬಾಯಿ ತೆರೆದು ಗಾಳಿಗೆ ಎದುರು ಕೂತಿರುತ್ತದೆ. ದೋಣಿ ರಾತ್ರಿಯಿಡೀ ಹೊರಳುತ್ತದೆ, ದಡಕ್ಕೆ ಇಳಿಯುವುದೂ ಅಪಾಯ. ಮಾಹೆಯ ಬೋ ವಲೋನ್ ಕೊಲ್ಲಿಯದೂ ಇದೇ ಗುಣ. ವಾಯವ್ಯ ಗಾಳಿಯಲ್ಲಿ ಪ್ರಾಲಿನ್‌ನ ಪೂರ್ವಕ್ಕಿರುವ ಬೇ ಸೇಂಟ್ ಆ್ಯನ್ ಆಶ್ರಯ ಕೊಡುತ್ತದೆ. ಲಾ ದಿಗ್‌ನ ಆಗ್ನೇಯ ಮಗ್ಗುಲಲ್ಲಿರುವ ಗ್ರಾಂಡ್ ಆನ್ಸ್, ಪೆಟಿಟ್ ಆನ್ಸ್ ತೀರಗಳಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಈಜುವುದೇ ಬೇಡ. ಅಲೆಯ ಕೆಳಗಿನ ಸೆಳೆತ ನುರಿತ ಈಜುಗಾರರನ್ನೂ ಒಳಕ್ಕೆ ಎಳೆಯುತ್ತದೆ. ದರಪಟ್ಟಿಯ ಜೊತೆ ಯಾರಾದರೂ ದಿನಚರಿ ಕಳಿಸಿದರೆ ಪ್ರತಿ ರಾತ್ರಿಯ ಕೊಲ್ಲಿಯ ಹೆಸರು ಕೇಳಿ, ನಕ್ಷೆಯಲ್ಲಿ ಅದರ ಬಾಯಿ ಯಾವ ದಿಕ್ಕಿಗಿದೆ ನೋಡಿ. ಎಲ್ಲ ತಿಂಗಳಿಗೂ ಒಂದೇ ದಿನಚರಿ ಕಳಿಸುವವರು ದೋಣಿ ಮಾರುತ್ತಿದ್ದಾರೆ, ಪ್ರವಾಸ ಯೋಜಿಸುತ್ತಿಲ್ಲ.

ಇನ್ನೊಂದು ನಿಯಮ ನಮ್ಮ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಬಾಡಿಗೆ ಯಾಟ್‌ಗಳು ಕತ್ತಲಾದ ಮೇಲೆ ಓಡುವಂತಿಲ್ಲ. ವರ್ಷವಿಡೀ ಸಂಜೆ ಆರು ಆರೂವರೆಗೆಲ್ಲ ಸೂರ್ಯ ಮುಳುಗುತ್ತದೆ. ಹವಳದ ದಿಬ್ಬಗಳನ್ನು ಕಣ್ಣಿನಿಂದ ಗುರುತಿಸಲು ಸೂರ್ಯ ತಲೆಯ ಮೇಲೆ ಅಥವಾ ಬೆನ್ನ ಹಿಂದೆ ಇರಬೇಕು. ಎದುರಿಗಿದ್ದರೆ ನೀರು ಕನ್ನಡಿಯಂತೆ ಹೊಳೆದು ಏನೂ ಕಾಣುವುದಿಲ್ಲ. ಆದ್ದರಿಂದ ಹೊಸ ಕೊಲ್ಲಿಗೆ ಮಧ್ಯಾಹ್ನ ಮೂರು, ಹೆಚ್ಚೆಂದರೆ ನಾಲ್ಕು ಗಂಟೆಯೊಳಗೆ ಮುಟ್ಟುವಂತೆ ದಿನ ಹಾಕಿಕೊಳ್ಳಬೇಕು.

ಏಳು ರಾತ್ರಿಯ ಪ್ರವಾಸವನ್ನು ಅಕ್ಟೋಬರ್‌ಗೆ ಹೀಗೆ ಹೊಂದಿಸಬಹುದು. ದೋಣಿ ಶನಿವಾರ ಸಿಗುವುದಾದರೆ ಶುಕ್ರವಾರವೇ ಮಾಹೆ ತಲುಪಿ. ವಿಮಾನ ತಡವಾಗಿ ಅರ್ಧ ದಿನ ಹೋದರೂ ದೋಣಿಯ ಬಾಡಿಗೆ ನಿಲ್ಲುವುದಿಲ್ಲ. ಲಗೇಜು ತಡವಾದರೆ ಹುಡುಕಲು ಒಂದು ದಿನವಾದರೂ ಕೈಯಲ್ಲಿರಬೇಕು. ಶನಿವಾರ ಬೆಳಿಗ್ಗೆ ರಾಜಧಾನಿ ವಿಕ್ಟೋರಿಯಾದ ಮಾರುಕಟ್ಟೆಯಲ್ಲಿ ತರಕಾರಿ, ಹಣ್ಣು. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಮಧ್ಯಾಹ್ನ ಈಡನ್ ಐಲ್ಯಾಂಡ್ ಮರೀನಾದಲ್ಲಿ (ಯಾಟ್‌ಗಳು ನಿಲ್ಲುವ ಬಂದರು) ದೋಣಿ ವಹಿಸಿಕೊಂಡು, ಎದುರಿಗೇ ಇರುವ ಸೇಂಟ್ ಆ್ಯನ್ ಕಡಲ ಉದ್ಯಾನದಲ್ಲಿ ಮೊದಲ ರಾತ್ರಿ. 1973ರಲ್ಲಿ ಘೋಷಿತವಾದ ಉದ್ಯಾನ ಅದು, ಶುಲ್ಕ ಉಂಟು. ಭಾನುವಾರ ಬೆಳಿಗ್ಗೆ ಎಂಟರೊಳಗೆ ಹೊರಟರೆ ಪ್ರಾಲಿನ್‌ಗೆ ಸುಮಾರು 25 ನಾಟಿಕಲ್ ಮೈಲಿ, ಅಂದರೆ 46 ಕಿ.ಮೀ. ಆರು ನಾಟ್ ವೇಗದಲ್ಲಿ ನಾಲ್ಕು ಗಂಟೆಗೂ ತುಸು ಹೆಚ್ಚು. ಇಡೀ ವಾರದಲ್ಲಿ ತೆರೆದ ಕಡಲು ಎಂದರೆ ಹೋಗುವಾಗ, ಬರುವಾಗ ಇದೊಂದೇ. ದಾರಿ ಈಶಾನ್ಯಕ್ಕೆ; ಗಾಳಿ ಆಗ್ನೇಯದ್ದಾಗಲಿ ವಾಯವ್ಯದ್ದಾಗಲಿ, ಅಲೆ ಪಕ್ಕೆಗೇ ಬಡಿಯುತ್ತದೆ. ವಾಂತಿ ಬರುವುದು ಇಲ್ಲಿಯೇ. ಗುಳಿಗೆಯನ್ನು ವೈದ್ಯರನ್ನು ಕೇಳಿ ಹಿಂದಿನ ರಾತ್ರಿ ಒಂದು, ಹೊರಡುವ ಒಂದೆರಡು ಗಂಟೆ ಮೊದಲು ಒಂದು ಎಂಬಂತೆ ತೆಗೆದುಕೊಳ್ಳಬೇಕು; ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ ಗುಳಿಗೆ ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೊರಡಬಾರದು, ಕ್ಯಾಬಿನ್ನಿನಲ್ಲಿ ಮಲಗಿ ಫೋನ್ ನೋಡಬಾರದು. ಮೇಲೆ ಕೂತು ದಿಗಂತ ನೋಡುವುದೇ ಮದ್ದು.

ಸೋಮವಾರ ಬೆಳಿಗ್ಗೆ ಪ್ರಾಲಿನ್‌ನ ಬೇ ಸೇಂಟ್ ಆ್ಯನ್‌ನಿಂದ ಟ್ಯಾಕ್ಸಿಯಲ್ಲಿ ವಾಲೆ ದ ಮೇ ಕಾಡಿಗೆ. 1983ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಈ ಸಣ್ಣ ಕಣಿವೆಯಲ್ಲಿ ಕೊಕೊ ದ ಮೇರ್ ಎಂಬ ಜೋಡಿ ತೆಂಗು ಬೆಳೆಯುತ್ತದೆ. ಜಗತ್ತಿನ ಅತಿ ಭಾರದ ಬೀಜ ಅದು. ನಮ್ಮ ಸಾಧುಗಳ ಕೈಯಲ್ಲಿ ಕಾಣುವ ಕಪ್ಪು ಕಮಂಡಲುಗಳಲ್ಲಿ ಹಲವು ಈ ಕಾಯಿಯ ಚಿಪ್ಪಿನಿಂದಲೇ ಆದವು. ಕೊಳ್ಳುವುದಾದರೆ ಸರ್ಕಾರಿ ಪ್ರಮಾಣಪತ್ರ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆ. ಅದೇ ಮಧ್ಯಾಹ್ನ ಐದಾರು ಮೈಲಿಯೊಳಗಿನ ಲಾ ದಿಗ್‌ಗೆ. ಅಲ್ಲಿಯ ಬಂದರು ಕಿರಿದು. ಮುಂದೆ ಲಂಗರು, ಹಿಂದಿನಿಂದ ದಡಕ್ಕೆ ಹಗ್ಗ ಕಟ್ಟಿ ಒತ್ತೊತ್ತಾಗಿ ನಿಲ್ಲಬೇಕು. ಜಾಗ ಸಿಗದಿದ್ದರೆ ಹೊರಗೆ ನಿಂತು ಡಿಂಗಿಯಲ್ಲಿ (ಯಾಟ್‌ನ ಜೊತೆಗಿರುವ ಸಣ್ಣ ದೋಣಿ) ಹೋಗಿಬರುವುದೇ ಗತಿ. ಮಂಗಳವಾರ ಸೈಕಲ್ ಬಾಡಿಗೆಗೆ ಪಡೆದು ದ್ವೀಪ ಸುತ್ತಿ. ಹೆಸರಾಂತ ಆನ್ಸ್ ಸೋರ್ಸ್ ದಾರ್ಜಾನ್ ತೀರಕ್ಕೆ ದಾರಿ ಯೂನಿಯನ್ ಎಸ್ಟೇಟ್ ಒಳಗಿನಿಂದ, ಟಿಕೆಟ್ ಪಡೆದು. ಎದುರಿನ ಹವಳದ ಮೇಲೆ ನೀರು ಮೊಣಕಾಲುದ್ದ, ದೋಣಿಯಿಂದ ನೇರ ಹೋಗುವಂತಿಲ್ಲ.

ಬುಧವಾರ ಕೊಕೊ ದ್ವೀಪದ ಬಳಿ ಹಗಲು ನೀರೊಳಗೆ ನೋಡುವ ಮುಖವಾಡ ಹಾಕಿ ಈಜಿ, ಮಧ್ಯಾಹ್ನ ಕ್ಯೂರಿಯೂಸ್ ದ್ವೀಪಕ್ಕೆ. ಸೆಶೆಲ್ಸ್‌ನದೇ ದೂರದ ಹವಳದ್ವೀಪ ಅಲ್ಡಾಬ್ರಾದಿಂದ 1978ರ ಬಳಿಕ ತಂದು ಬಿಟ್ಟ ದೈತ್ಯ ಆಮೆಗಳು ಅಲ್ಲಿ ಬೇ ಲರೇ ಕೊಲ್ಲಿಯ ದಡದಲ್ಲೇ ಓಡಾಡುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಹಲಗೆ ದಾರಿಯಲ್ಲಿ ದ್ವೀಪದ ಇನ್ನೊಂದು ಮಗ್ಗುಲಿಗೆ ನಡೆದುಹೋಗಬಹುದು. ಗುರುವಾರ ಬೆಳಿಗ್ಗೆ ಕೂಸಿನ್. ಪಕ್ಷಿಗಳಿಗೆಂದು 1968ರಲ್ಲಿ ಕೊಂಡು ಕಾಪಾಡಿದ ದ್ವೀಪ ಇದು. ಅಳಿವಿನಂಚಿನಲ್ಲಿದ್ದ ಸೆಶೆಲ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಉಳಿದದ್ದು ಇಲ್ಲಿಂದ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ ಹೊತ್ತು ಮಾತ್ರ ಪ್ರವೇಶ. ನಿಮ್ಮ ಡಿಂಗಿ ಮರಳು ಮುಟ್ಟುವಂತಿಲ್ಲ. ಇಲಿ, ಇರುವೆ, ಬೀಜ ದ್ವೀಪಕ್ಕೆ ಬರಬಾರದೆಂದು ದ್ವೀಪದವರದೇ ದೋಣಿ ಬಂದು ಕರೆದೊಯ್ಯುತ್ತದೆ. ಶನಿವಾರ ಶುರುವಾದ ಪ್ರವಾಸದಲ್ಲಿ ಕೂಸಿನ್ ಗುರುವಾರಕ್ಕೆ ಬೀಳುವಂತೆ ಹಿಂದಿನಿಂದ ಲೆಕ್ಕ ಹಾಕಿದ್ದು ಇದಕ್ಕಾಗಿಯೇ. ಅಕ್ಟೋಬರ್‌ನಿಂದ ಜನವರಿಯವರೆಗೆ ಹಾಕ್ಸ್‌ಬಿಲ್ ಕಡಲಾಮೆಗಳು ಈ ದ್ವೀಪಗಳಲ್ಲಿ ಹಾಡಹಗಲೇ ಮೊಟ್ಟೆಯಿಡಲು ಮೇಲೆ ಬರುತ್ತವೆ. ಕಂಡರೆ ದೂರದಲ್ಲೇ ಕೂತುಬಿಡಿ, ಅದರ ಮುಂದೆ ಹಾಯಬೇಡಿ. ಅಂದು ರಾತ್ರಿ ಆನ್ಸ್ ಲಾಜಿಯೊ. ಶುಕ್ರವಾರ ಮಾಹೆಗೆ ವಾಪಸು, ಶನಿವಾರ ಬೆಳಿಗ್ಗೆ ಒಂಬತ್ತರ ಒಳಗೆ ದೋಣಿ ಒಪ್ಪಿಸಬೇಕು. ಏಳು ರಾತ್ರಿ ಎಂದದ್ದು ನಿಜವಾಗಿ ಆರೇ ಹಗಲು. ತೆರೆದ ಕಡಲೇ ಒಗ್ಗದ ಮನೆಮಂದಿಗೆ ಇನ್ನೊಂದು ದಾರಿಯಿದೆ: ಮಾಹೆಯಿಂದ ಒಂದು ಗಂಟೆಯ ಫೆರಿಯಲ್ಲಿ ಪ್ರಾಲಿನ್‌ಗೆ ಹೋಗಿ, ಅಲ್ಲಿ ಮನೆ ಹಿಡಿದು, ದಿನದ ಮಟ್ಟಿಗೆ ಮಾತ್ರ ದೋಣಿ ಗೊತ್ತು ಮಾಡುವುದು. ಹಣವೂ ಉಳಿಯುತ್ತದೆ.

ಈಗ ದೋಣಿಯ ವಿಷಯ. ಕುಟುಂಬಕ್ಕೆ ಎರಡು ಒಡಲಿನ ಕ್ಯಾಟಮರಾನ್ ಸರಿ. ತಮಿಳಿನ ‘ಕಟ್ಟುಮರ’ವೇ ಲೋಕ ಸುತ್ತಿ ಈ ಹೆಸರಾಗಿದೆ. ಕಡಿಮೆ ವಾಲುತ್ತದೆ, ನೀರಿನೊಳಗೆ ಇಳಿದ ಭಾಗ 1.2ರಿಂದ 1.4 ಮೀಟರ್ ಮಾತ್ರ. 40ರಿಂದ 45 ಅಡಿಯದರಲ್ಲಿ ನಾಲ್ಕು ಕ್ಯಾಬಿನ್, ಎಂಟು ಜನ ಎಂದು ಬರೆದಿರುತ್ತದೆ. ಇಲ್ಲಿಯೇ ಹಲವರ ಲೆಕ್ಕ ತಪ್ಪುವುದು. ನಿಮ್ಮಲ್ಲಿ ಯಾರಿಗೂ ಪರವಾನಗಿ ಇಲ್ಲದಿದ್ದರೆ ನಾಯಕನನ್ನು ಗೊತ್ತು ಮಾಡಲೇಬೇಕು. ನಮ್ಮ ಕರಾವಳಿಯ ಮಾತಿನಲ್ಲಿ ತಂಡೇಲ, ಅಲ್ಲಿ ಸ್ಕಿಪ್ಪರ್. ಅವನಿಗೊಂದು ಕ್ಯಾಬಿನ್, ಅಡುಗೆಯವರಿದ್ದರೆ ಅವರಿಗೂ ಜಾಗ. ದೋಣಿಯ ಮುಂತುದಿಯಲ್ಲಿ ಮೇಲಿನ ಕಿಂಡಿಯಿಂದ ಇಳಿಯುವ ಪುಟ್ಟ ಕೋಣೆ ಇದೆಯೇ ಎಂದು ಬರಹದಲ್ಲಿ ಕೇಳಿ. ಇಲ್ಲದಿದ್ದರೆ ಎಂಟು ಜನರ ದೋಣಿ ಆರು ಜನರದ್ದಾಗುತ್ತದೆ. ಸ್ವತಃ ನಡೆಸುವವರಿಗೆ ಬಾಡಿಗೆ ಸಂಸ್ಥೆಗಳು ಬ್ರಿಟನ್ನಿನ ಆರ್‌ವೈಎ ಡೇ ಸ್ಕಿಪ್ಪರ್, ಅಮೆರಿಕದ ಎಎಸ್‌ಎ 104, ಅಂತರರಾಷ್ಟ್ರೀಯ ಐಸಿಸಿ ಮಾದರಿಯ ದೋಣಿ ನಡೆಸುವ ಪ್ರಮಾಣಪತ್ರ, ವಿಎಚ್‌ಎಫ್ ರೇಡಿಯೊ ಪರವಾನಗಿ, ಹಿಂದೆ ನಡೆಸಿದ ದೋಣಿಗಳ ವಿವರ ಕೇಳುತ್ತವೆ. ಕೆರೆ, ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿ ಕಲಿತದ್ದು ಒಳ್ಳೆಯ ಅಡಿಪಾಯ. ಆದರೆ ಅದರ ಮೇಲೆ ಹನ್ನೆರಡು ಟನ್ನಿನ ದೋಣಿಯನ್ನು ಹವಳದ ನಡುವೆ ನಿಲ್ಲಿಸುವ ಧೈರ್ಯ ಮಾಡಬಾರದು. ಮೊದಲ ಪ್ರವಾಸಕ್ಕೆ ಸ್ಥಳೀಯ ಸ್ಕಿಪ್ಪರ್‌ನ ದಿನಗೂಲಿ ಕೊಡುವುದು ಎಲ್ಲಕ್ಕಿಂತ ಲಾಭದ ಖರ್ಚು.

ದರದ ಕೆಳಗಿನ ಸಣ್ಣಕ್ಷರಗಳನ್ನು ಬಿಡಿಸಿ ಓದಿ. ವಾರದ ಬಾಡಿಗೆ ಎಂದರೆ ಬರೀ ದೋಣಿ. ಸ್ಕಿಪ್ಪರ್ ಮತ್ತು ಅಡುಗೆಯವರ ಸಂಬಳ, ಅವರ ಊಟ, ಡೀಸೆಲ್, ಉದ್ಯಾನಗಳ ತಲೆಗಿಷ್ಟು ಶುಲ್ಕ, ಕೊನೆಯ ಶುಚಿಗೊಳಿಸುವಿಕೆ, ಹಾಸಿಗೆ ಬಟ್ಟೆ, ಟಿಪ್ಸ್ ಬೇರೆ. ಸಿಬ್ಬಂದಿ ಸಹಿತ ಐಷಾರಾಮಿ ದೋಣಿಗಳಲ್ಲಿ ಬಾಡಿಗೆಯ ಶೇ 25ರಿಂದ 35ರಷ್ಟನ್ನು ಊಟ, ಇಂಧನದ ಮುಂಗಡವಾಗಿ ಕಟ್ಟಿಸಿಕೊಂಡು, ಕೊನೆಯಲ್ಲಿ ರಸೀದಿ ಸಮೇತ ಲೆಕ್ಕ ಕೊಡುವ ಪದ್ಧತಿ. ಇದಲ್ಲದೆ ಸಾವಿರಾರು ಯೂರೊ ಭದ್ರತಾ ಠೇವಣಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಇಲ್ಲಿಂದ ಹೊರಡುವ ಮೊದಲೇ ಬ್ಯಾಂಕಿನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಮಿತಿ ಏರಿಸದಿದ್ದರೆ ಮರೀನಾದ ಕಟ್ಟೆಯ ಮೇಲೆ ನಿಂತು ಒಟಿಪಿಗಾಗಿ ಪರದಾಡಬೇಕಾಗುತ್ತದೆ. ಠೇವಣಿಯ ಬದಲು ಮರಳಿ ಬಾರದ ಸಣ್ಣ ಮೊತ್ತ ಕಟ್ಟುವ ಆಯ್ಕೆಯೂ ಇರುತ್ತದೆ. ಸ್ವತಃ ದೋಣಿ ನಡೆಸುವವರು ಅದನ್ನೇ ತೆಗೆದುಕೊಳ್ಳುವುದು ಲೇಸು. ಹವೆ ಕೆಟ್ಟರೆ ಹಣ ವಾಪಸಿಲ್ಲ, ಎಲ್ಲಿಗೆ ಹೋಗಬೇಕೆಂಬುದರಲ್ಲಿ ಸ್ಕಿಪ್ಪರ್ ಮಾತೇ ಕೊನೆ ಎಂಬ ಷರತ್ತು ಎಲ್ಲ ಕರಾರುಗಳಲ್ಲೂ ಇರುತ್ತದೆ, ಇರಬೇಕಾದದ್ದೂ ಸರಿ.

ದೋಣಿಯ ಮೇಲೆ ಜಗಳ ಹುಟ್ಟುವುದು ಹೆಚ್ಚಾಗಿ ನೀರಿನಿಂದ. ಟ್ಯಾಂಕು 600 ಲೀಟರಿನದು ಎಂದಿಟ್ಟುಕೊಳ್ಳಿ. ಎಂಟು ಜನ ತಲೆಗೆ 25 ಲೀಟರಿನಂತೆ ಜಾಗ್ರತೆಯಿಂದ ಬಳಸಿದರೂ ದಿನಕ್ಕೆ 200 ಲೀಟರ್. ಮೂರನೆಯ ದಿನಕ್ಕೆ ಖಾಲಿ. ಮನೆಯಲ್ಲಿ ಬಕೆಟ್ ಸ್ನಾನ ಮಾಡುವವರು ಇಲ್ಲಿ ಗೆಲ್ಲುತ್ತಾರೆ. ಸಮುದ್ರದಲ್ಲಿ ಈಜಿ, ಹಿಂದಿನ ಮೆಟ್ಟಿಲಲ್ಲಿ ಎರಡು ಮೂರು ಚೊಂಬು ಸಿಹಿನೀರು ಹೊಯ್ದುಕೊಂಡರೆ ಸಾಕು. ಕಡಲನೀರನ್ನು ಸಿಹಿ ಮಾಡುವ ಯಂತ್ರ ಇರುವ ದೋಣಿ ಸಿಕ್ಕರೆ ಬಿಡಬೇಡಿ. ಗಂಟೆಗೆ 60ರಿಂದ 100 ಲೀಟರ್ ಕೊಡುತ್ತದೆ. ಆದರೆ ಅದನ್ನು ಬಂದರಿನ ಎಣ್ಣೆ ತೇಲುವ ನೀರಿನಲ್ಲಿ ಓಡಿಸಿದರೆ ಒಳಗಿನ ಪೊರೆ ಹಾಳಾಗುತ್ತದೆ, ದುರಸ್ತಿ ನಿಮ್ಮ ಠೇವಣಿಯಿಂದಲೇ. ಕುಡಿಯಲು ತಲೆಗೆ ದಿನಕ್ಕೆ ಮೂರು ಲೀಟರಿನಂತೆ ವಾರಕ್ಕೆ 170 ಲೀಟರ್ ಬಾಟಲಿ ನೀರು ಬೇರೆ ಇರಲಿ.

ಶೌಚಾಲಯ ಎರಡನೆಯ ತಲೆನೋವು. ಕೊಳವೆ ಕೈಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಅಷ್ಟೆ. ಟಿಶ್ಯೂ, ಸ್ಯಾನಿಟರಿ ಪ್ಯಾಡ್, ಮಗುವಿನ ವೈಪ್ಸ್ ಯಾವುದೂ ಒಳಗೆ ಹೋಗಬಾರದು. ತೊಳೆದುಕೊಳ್ಳುವ ನಮ್ಮ ಪದ್ಧತಿ ಇಲ್ಲಿ ಅನುಕೂಲವೇ. ಒಂದು ಪ್ಲಾಸ್ಟಿಕ್ ಚೊಂಬು ಒಯ್ದರೆ ಕಾಗದದ ಗೊಡವೆಯೇ ಇಲ್ಲ. ಬಳಸಿದ ಮೇಲೆ ಪಂಪನ್ನು ಇನ್ನೂ ಹತ್ತು ಹದಿನೈದು ಸೆಕೆಂಡು ಓಡಿಸಬೇಕು, ಮಧ್ಯದಲ್ಲಿ ನಿಲ್ಲಿಸಿದರೆ ಕೊಳವೆಯಲ್ಲೇ ಉಳಿದು ಗಟ್ಟಿಯಾಗುತ್ತದೆ. ಕೊಲ್ಲಿಯಲ್ಲಿರುವಾಗ ಸಂಗ್ರಹ ಟ್ಯಾಂಕಿನ ಕವಾಟ ಮುಚ್ಚಿರಲಿ, ತೆರೆದ ಕಡಲಿಗೆ ಬಂದ ಮೇಲೆ ಬಿಡಿ.

ವಿದ್ಯುತ್ತು 12 ವೋಲ್ಟ್ ಬ್ಯಾಟರಿಯದು. 400 ಆ್ಯಂಪಿಯರ್-ಅವರ್‌ನ ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಕೆಗೆ. ಫ್ರಿಜ್, ಫ್ರೀಜರ್ ಎರಡೇ ದಿನಕ್ಕೆ ನೂರು ನೂರೈವತ್ತು ನುಂಗುತ್ತವೆ. ಸೋಲಾರ್ ಇಲ್ಲದಿದ್ದರೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಂಜಿನ್ ಓಡಿಸಲೇಬೇಕು. ಎ.ಸಿ. ಜನರೇಟರಿನಲ್ಲಿ ಮಾತ್ರ, ಗಂಟೆಗೆ ಎರಡು ಮೂರು ಲೀಟರ್ ಡೀಸೆಲ್. ಅಕ್ಟೋಬರ್‌ನಲ್ಲಿ ಮೇಲಿನ ಕಿಂಡಿ ತೆರೆದು ಸೊಳ್ಳೆಬಲೆ ಹಾಕಿದರೆ ಎ.ಸಿ. ಬೇಕೆನಿಸುವುದಿಲ್ಲ.

ಲಂಗರಿನ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು, ರಾತ್ರಿಯ ಅನಾಹುತಗಳಿಗೆ ಮೂಲ ಅದೇ. ಬಿಳಿ ಮರಳಿನ ತೇಪೆ ಹುಡುಕಿ. ಕಪ್ಪು ಕಂಡದ್ದೆಲ್ಲ ಹವಳ ಅಥವಾ ಕಡಲಹುಲ್ಲು. ಹವಳದ ಮೇಲೆ ಹಾಕಿದರೆ ನೂರಾರು ವರ್ಷ ಬೆಳೆದದ್ದು ಒಂದು ರಾತ್ರಿಯಲ್ಲಿ ಪುಡಿಯಾಗುತ್ತದೆ, ಸರಪಳಿಯೂ ಸಿಕ್ಕಿಕೊಳ್ಳುತ್ತದೆ. ಆಳ 6 ಮೀಟರ್, ಭರತ ಬಂದಾಗ ಏರುವ 1.5 ಮೀಟರ್, ನೀರಿನಿಂದ ದೋಣಿಯ ಮುಂತುದಿಗೆ 1.5 ಮೀಟರ್, ಒಟ್ಟು 9. ಅದರ ಐದು ಪಟ್ಟು, ಅಂದರೆ 45 ಮೀಟರ್ ಸರಪಳಿ ಬಿಡಬೇಕು. ಆಳಮಾಪಕದ ಅಂಕಿ ನೀರಿನ ಮಟ್ಟದಿಂದ ತೋರಿಸುತ್ತದೋ ದೋಣಿಯ ತಳದಿಂದಲೋ ಎಂದು ಮೊದಲ ದಿನವೇ ಕೇಳಿ. ಅದೊಂದು ಗೊತ್ತಿಲ್ಲದೆ ತಳ ತಾಗಿಸಿದವರು ಬಹಳ. ಲಂಗರು ನೆಲ ಮುಟ್ಟಿದ ಮೇಲೆ ದೋಣಿ ಹಿಂದೆ ಸರಿಯುತ್ತಿರುವಾಗ ಸರಪಳಿ ನಿಧಾನ ಬಿಡಿ, ಒಂದೇ ಕಡೆ ಗುಪ್ಪೆಯಾಗಿ ಸುರಿದರೆ ಲಂಗರು ಕೂರುವುದಿಲ್ಲ. ನಂತರ ಎರಡೂ ಎಂಜಿನ್ನುಗಳನ್ನು ರಿವರ್ಸ್‌ನಲ್ಲಿ ಮೆಲ್ಲಗೆ ನಿಮಿಷಕ್ಕೆ 1,500 ಸುತ್ತಿಗೆ ಏರಿಸಿ ಅರ್ಧ ನಿಮಿಷ ಎಳೆಯಿರಿ. ದಡದ ಒಂದು ಬಂಡೆ, ಅದರ ಹಿಂದಿನ ಒಂದು ತೆಂಗು ಒಂದೇ ಸಾಲಿನಲ್ಲಿ ಉಳಿದರೆ ಲಂಗರು ಹಿಡಿದಿದೆ. ಮುಖವಾಡ ಹಾಕಿ ಮುಳುಗಿ ಕಣ್ಣಾರೆ ನೋಡುವುದು ಇನ್ನೂ ಖಚಿತ. ಕೊನೆಗೆ ಕವಲು ಹಗ್ಗವನ್ನು ಸರಪಳಿಗೆ ಸಿಕ್ಕಿಸಿ ಭಾರವನ್ನು ಎರಡೂ ಒಡಲುಗಳಿಗೆ ಹಂಚಬೇಕು. ಲಂಗರು ಎತ್ತುವ ವಿಂಡ್‌ಲಸ್ ಮೋಟಾರಿನ ಮೇಲೆ ದೋಣಿ ತೂಗಬಾರದು. ಆ ಮೋಟಾರನ್ನು ಎಂಜಿನ್ ಓಡುತ್ತಿರುವಾಗ ಮಾತ್ರ ಬಳಸಿ, ಇಲ್ಲದಿದ್ದರೆ ಬ್ರೇಕರ್ ಬೀಳುತ್ತದೆ. ಬ್ರೇಕರ್ ಎಲ್ಲಿದೆ ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಹಿಂದೆ ಕಟ್ಟಿದ ಡಿಂಗಿಯ ಹಗ್ಗವನ್ನು ರಿವರ್ಸ್ ಹಾಕುವ ಮುನ್ನ ಗಿಡ್ಡ ಮಾಡಿ. ಉದ್ದ ಬಿಟ್ಟರೆ ಪ್ರೊಪೆಲ್ಲರ್ ಸುತ್ತಿ ಎಂಜಿನ್ ನಿಂತೇಬಿಡುತ್ತದೆ.

ಡಿಂಗಿಯಲ್ಲಿ ಆಗುವ ಪೆಟ್ಟುಗಳು ದೊಡ್ಡ ದೋಣಿಗಿಂತ ಹೆಚ್ಚು. ಎಂಜಿನ್ ನಿಲ್ಲಿಸುವ ಕೆಂಪು ಹುರಿ ನಡೆಸುವವರ ಕಾಲಿಗೋ ಕೈಗೋ ಇರಲೇಬೇಕು. ಎಂಟು ಜನರನ್ನು ಒಮ್ಮೆಲೇ ತುಂಬದೆ ಎರಡು ಸಲ ಹೋಗಿ. ಅಲೆ ಒಡೆಯುವ ದಡಕ್ಕೆ ಮಕ್ಕಳನ್ನು, ಹಿರಿಯರನ್ನು ಇಳಿಸಲೇಬೇಡಿ. ಲೈಫ್ ಜಾಕೆಟ್ ಮಕ್ಕಳ ತೂಕ ತಿಳಿಸಿ ಮೊದಲೇ ತರಿಸಿಡಬೇಕು, ದೊಡ್ಡವರದ್ದು ಮಗುವಿನ ತಲೆಯಿಂದ ಕಳಚಿಹೋಗುತ್ತದೆ. ದೋಣಿಯ ಅಂಚಿನ ತಂತಿಗಳಿಗೆ ಬಲೆ ಕಟ್ಟಿಕೊಡಲು ಬುಕ್ ಮಾಡುವಾಗಲೇ ಹೇಳಿ.

ಅಡುಗೆಗೆ ಎಂಟು ಜನರ ವಾರಕ್ಕೆ ಅಕ್ಕಿ 9 ಕೆ.ಜಿ., ತೊಗರಿಬೇಳೆ 2 ಕೆ.ಜಿ., ಈರುಳ್ಳಿ 5 ಕೆ.ಜಿ., ಎಣ್ಣೆ 2 ಲೀಟರ್ ಸಾಕು. ವಿಕ್ಟೋರಿಯಾದಲ್ಲಿ ಭಾರತೀಯ ಮೂಲದವರ ಅಂಗಡಿಗಳಿವೆ, ಅಕ್ಕಿ, ಬೇಳೆ, ಮಸಾಲೆಗೆ ಕೊರತೆಯಿಲ್ಲ. ಅಲ್ಲಿ ತಮಿಳರು ಕಟ್ಟಿದ ವಿನಾಯಕನ ಗುಡಿಯೂ ಇದೆ. ಇಲ್ಲಿಂದ ಸಾಂಬಾರು ಪುಡಿ, ಹುರಿದ ರವೆ, ಅವಲಕ್ಕಿ ಮಾತ್ರ ಮೂಲ ಪ್ಯಾಕೆಟ್ಟಿನಲ್ಲೇ ಒಯ್ದು ಘೋಷಿಸಿ. ಹಸಿ ತರಕಾರಿ, ಕರಿಬೇವು, ಬೀಜ, ಹಣ್ಣು ಬೇಡ. ಮೂರು ಲೀಟರಿನ ಕುಕ್ಕರ್ ಜೊತೆಗಿದ್ದರೆ ಗ್ಯಾಸ್ ಅರ್ಧ ಉಳಿಯುತ್ತದೆ. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಮಡುಗಟ್ಟಿ ಕಿಡಿಗೆ ಕಾಯುತ್ತದೆ. ಪ್ರತಿ ಅಡುಗೆಯ ನಂತರ ಹೊರಗಿನ ಸಿಲಿಂಡರಿನ ಕವಾಟವನ್ನೇ ಮುಚ್ಚಬೇಕು, ಒಲೆಯ ಗುಂಡಿ ತಿರುಗಿಸಿದರೆ ಸಾಲದು.

ಕಾಗದಪತ್ರ ಸರಳ. ಭಾರತೀಯರಿಗೆ ವೀಸಾ ಬೇಡ, ಆದರೆ ಹೊರಡುವ ಮೊದಲು ಆನ್‌ಲೈನ್ ಪ್ರಯಾಣ ಅನುಮತಿ ಕಡ್ಡಾಯ. ವಾಸದ ವಿಳಾಸ ಕೇಳಿದಲ್ಲಿ ದೋಣಿಯ ಹೆಸರು, ಕರಾರಿನ ಪ್ರತಿ ಕೊಡಬೇಕು. ಇಥಿಯೋಪಿಯಾ, ಕೀನ್ಯಾ ದಾರಿಯಲ್ಲಿ ಹೋಗಿಬರುವವರು ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಹಳದಿ ಜ್ವರದ ಲಸಿಕೆ ಪತ್ರ ಬೇಕು. ಅದಿಲ್ಲದೆ ಮರಳಿದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಸ. ಲಸಿಕೆ ಫಲಿಸಲು ಹತ್ತು ದಿನ ಬೇಕಾದ್ದರಿಂದ ಕೊನೆಗಳಿಗೆಯಲ್ಲಿ ಹಾಕಿಸಿ ಪ್ರಯೋಜನವಿಲ್ಲ. ವಿಮೆಯಲ್ಲಿ ಹಾಯಿದೋಣಿ, ಸ್ನಾರ್ಕೆಲಿಂಗ್, ಕಡಲಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಮೂರೂ ಬರೆದಿದೆಯೇ ನೋಡಿ. ಲಗೇಜಿಗೆ ಮಡಚುವ ಬಟ್ಟೆಯ ಚೀಲ; ಗಟ್ಟಿ ಸೂಟ್‌ಕೇಸ್ ಇಡಲು ದೋಣಿಯಲ್ಲಿ ಜಾಗವಿಲ್ಲ. ಮೀನು ಹೊಡೆಯುವ ಈಟಿ ಬಂದೂಕು ಅಲ್ಲಿ ನಿಷಿದ್ಧ.

ದೋಣಿ ವಹಿಸಿಕೊಳ್ಳುವಾಗ ಎರಡು ಗಂಟೆ ಕೊಡಿ, ಅವಸರಪಡಿಸಿದರೂ ಬಿಡಬೇಡಿ. ಎಂಜಿನ್ ಚಾಲೂ ಮಾಡಿ ಹಿಂದಿನ ಕೊಳವೆಯಿಂದ ನೀರು ಉಗುಳುತ್ತಿದೆಯೇ ನೋಡಿ. ಉಗುಳದಿದ್ದರೆ ತಂಪುಗೊಳಿಸುವ ನೀರಿನ ಜಾಲರಿಯಲ್ಲಿ ಪಾಚಿ ಸಿಕ್ಕಿರಬಹುದು. ಲಂಗರನ್ನು ಪೂರ್ತಿ ಇಳಿಸಿ ಏರಿಸಿ, ಸರಪಳಿಯ ಮೇಲಿನ ಬಣ್ಣದ ಗುರುತು ಎಷ್ಟೆಷ್ಟು ಮೀಟರಿಗೆ ಎಂದು ಬರೆದುಕೊಳ್ಳಿ. ಪ್ರತಿ ಶೌಚಾಲಯದ ಪಂಪು, ತಳದ ನೀರೆತ್ತುವ ಪಂಪು, ತುರ್ತು ಕರೆಯ 16ನೇ ಚಾನೆಲ್ಲಿನಲ್ಲಿ ರೇಡಿಯೊ, ಡಿಂಗಿಯ ಎಂಜಿನ್ ಮತ್ತು ಅದರ ಪೆಟ್ರೋಲ್ ಡಬ್ಬಿ, ಎರಡನೆಯ ಗ್ಯಾಸ್ ಸಿಲಿಂಡರ್ ಎಲ್ಲವನ್ನೂ ಮುಟ್ಟಿ ನೋಡಿ. ಹೊರಮೈಯ ಪ್ರತಿ ಗೀರಿನ, ನೀರಿಗಿಳಿದು ಪ್ರೊಪೆಲ್ಲರಿನ ಫೋಟೊ ತೆಗೆದು ಅದೇ ಹೊತ್ತಿಗೆ ಸಂಸ್ಥೆಯವರಿಗೆ ಕಳಿಸಿ. ಒಪ್ಪಿಸುವ ಹಿಂದಿನ ಸಂಜೆ ಡೀಸೆಲ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ, ಬೆಳಿಗ್ಗೆ ಬಂಕಿನಲ್ಲಿ ಸಾಲಿರುತ್ತದೆ. ಅವರ ಮುಳುಗುಗಾರ ದೋಣಿಯ ತಳ ನೋಡಿ ಮೇಲೆ ಬಂದು, ಠೇವಣಿ ಬಿಡುಗಡೆಯ ಕಾಗದಕ್ಕೆ ಸಹಿ ಬೀಳುವವರೆಗೆ ವಿಮಾನ ನಿಲ್ದಾಣದ ಟ್ಯಾಕ್ಸಿ ಹತ್ತಬೇಡಿ.

ಇಂತಿ,
ಕೆಲವು ಹಾಯಿದೋಣಿ ಅಭ್ಯಾಸಿಗಳು
ಮಂಗಳೂರು